ದೋಣಿಗೆ ದೂರಿಲ್ಲ

ಮೂವತ್ತೊಂದು ವರ್ಷ ಅವಳು ಪರರ ದೋಣಿಗಳ ಹೊಟ್ಟೆ ತಟ್ಟಿದಳು. ಕೊಳ್ಳುವವರು ಕರೆದರೆ ಹೋಗಿ, ದೋಣಿ ಸಮುದ್ರಕ್ಕೆ ತಕ್ಕುದೋ ಅಲ್ಲವೋ ನೋಡಿ, ವರದಿ ಬರೆದುಕೊಡುವುದು ಅವಳ ಕೆಲಸ. ಕೈಯಲ್ಲಿ ಹೆಬ್ಬೆರಳಷ್ಟು ತಲೆಯ ಪುಟ್ಟ ಸುತ್ತಿಗೆ. ಟಕ್ ಟಕ್ ಎಂದು ತಟ್ಟುತ್ತ, ಕಿವಿಗೊಟ್ಟು, ಅಂಗುಲ ಅಂಗುಲವಾಗಿ ಸಾಗುವಳು. ಹಾಗಾಗಿ ದೋಣಿಕಟ್ಟೆಯವರ ಬಾಯಲ್ಲೆಲ್ಲ ಅವಳು ಟಕಟಕಿ ಅಕ್ಕ. ತೀರಾ ಒಳ್ಳೆಯ ದೋಣಿ ಸಿಕ್ಕರೆ ವರದಿಯ ಕೊನೆಗೆ ಒಂದೇ ಮಾತು ಬರೆಯುತ್ತಿದ್ದಳು: "ದೂರಿಲ್ಲ." ಚಂದ, ಅದ್ಭುತ, ಭರ್ಜರಿ, ಇವೆಲ್ಲ ಮಾರುವವರ ಮಾತು ಎನ್ನುವಳು. ಆ ಒಂದು ಮಾತು ಗಿಟ್ಟಿಸಿದ ದೋಣಿಗಳನ್ನು ಎಣಿಸಲು ಎರಡು ಕೈಯ ಬೆರಳು ಸಾಕಾಗಿದ್ದವು.

ಇನ್ನೊಂದು ಸಂಗತಿಯೂ ಎಲ್ಲರಿಗೂ ಗೊತ್ತಿತ್ತು. ಅವಳಿಗೆ ಸಮುದ್ರ ಆಗಿಬರುತ್ತಿರಲಿಲ್ಲ. ದೋಣಿ ನೀರಿಗಿಳಿದು ಅರ್ಧ ಗಂಟೆಯಾಯಿತೆಂದರೆ ವಾಂತಿ. ಪರೀಕ್ಷೆಗೆ ಹೊರಟಾಗ ಒಂದು ಕೈಯಲ್ಲಿ ಸುತ್ತಿಗೆಯ ಚೀಲ, ಇನ್ನೊಂದರಲ್ಲಿ ನೀಲಿ ಬಕೆಟ್. "ಅಕ್ಕಾ, ಈಜು ಬರದ ಮೀನು ಕಂಡಂಗಾಯ್ತು ನಿನ್ನ ನೋಡಿ" ಎಂದು ಕ್ರೇನ್ ನಡೆಸುವವನು ರೇಗಿಸುವನು. "ನೀನು ಕ್ರೇನಿಂದ ಕೆಳಗೆ ನೋಡ್ದಾಗ ಕಾಲು ನಡುಗಲ್ವೇನೋ? ನಡುಗಿದ್ರೂ ಎತ್ತಲ್ವಾ? ಹಂಗೇ ಇದು" ಎಂದು ಇವಳು ತಿರುಗಿಸಿ ಕೊಡುವಳು.

ಅವಳ ಬಾಲ್ಯದ ಗೆಳತಿ ಹಲ್ಲಿನ ಡಾಕ್ಟರು. ಶಾಲೆಯಲ್ಲಿ ಒಂದೇ ಬೆಂಚು, ಒಂದೇ ಛತ್ರಿ, ಪರೀಕ್ಷೆಯಲ್ಲಿ ಒಂದೇ ತಪ್ಪು ಉತ್ತರ. ದೊಡ್ಡವರಾದ ಮೇಲೆ ಇಬ್ಬರೂ ತಟ್ಟಿ ನೋಡುವ ಕಸುಬಿಗೇ ಬಿದ್ದರು. "ವ್ಯತ್ಯಾಸ ಇಷ್ಟೇ ಕಣೇ, ನನ್ನ ರೋಗಿ ಕಚ್ಚಲ್ಲ" ಎಂದು ಟಕಟಕಿ ನಗುವಳು.

ಡಾಕ್ಟರಮ್ಮ ಮದುವೆಯಾಗಲಿಲ್ಲ. ರಜೆ ಸಿಕ್ಕಾಗಲೆಲ್ಲ ಅಪ್ಪ ಬಿಟ್ಟುಹೋದ ಸಣ್ಣ ಹಾಯಿದೋಣಿಯಲ್ಲಿ ಕೊಲ್ಲಿಯೊಳಗೆ ಅಡ್ಡಾಡಿದಳು. ಒಂದಲ್ಲ ಒಂದು ದಿನ ದೊಡ್ಡ ದೋಣಿ ಕೊಂಡು, ದಂಡೆ ಮರೆಯಾಗುವಷ್ಟು ದೂರ, ತಿಂಗಳುಗಟ್ಟಲೆ, ಒಬ್ಬಳೇ ಹೋಗಬೇಕೆಂಬುದು ಅವಳ ಒಂದೇ ಆಸೆ. ಐವತ್ತಾರಕ್ಕೆ ಇದ್ದಕ್ಕಿದ್ದಂತೆ ಆಸ್ಪತ್ರೆ ಮುಚ್ಚಿದಳು. ಕೇಳಿದವರಿಗೆ "ಸಾಕಾಯ್ತು" ಎಂದಳು. ನಿಜ ಬೇರೆಯೇ ಇತ್ತು. ಅವಳ ಬಲಗೈ ನಡುಗಲು ಶುರುವಾಗಿತ್ತು. ಚಮಚ ಹಿಡಿಯಲು ತೊಂದರೆಯಿರಲಿಲ್ಲ. ಸೂಜಿ ಹಿಡಿದರೆ ಕೈ ಮಾತು ಕೇಳುತ್ತಿರಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ, ಟಕಟಕಿಗೂ ಹೇಳಲಿಲ್ಲ. ಹೇಳಿದರೆ ಸಮುದ್ರವೂ ಕೈಬಿಟ್ಟಂತೆ ಎಂಬ ಭಯ.

ಆಗ ಕಣ್ಣಿಗೆ ಬಿದ್ದದ್ದೇ ಆ ದೋಣಿ. ನಲವತ್ತಾರು ಅಡಿ ಉದ್ದ. ಪಂದ್ಯದ ಓಟಗಾರನ ಮೈ, ಬಂಗಲೆಯ ಹೊಟ್ಟೆ. ಹಗುರವಾದ ಕಪ್ಪು ಕಾರ್ಬನ್ ಹಾಯಿಗಂಬ, ಹಿಂದೆ ಎರಡು ಚುಕ್ಕಾಣಿ. ಒಳಗೆ ಚರ್ಮದ ಸೋಫಾ, ಕನ್ನಡಿಯಂತೆ ಹೊಳೆಯುವ ಮರ, ಡ್ರಾಯರು ಎಳೆದರೆ ಫ್ರಿಜ್ಜು. ಡಾಕ್ಟರಮ್ಮ ಅಂದಿನಿಂದ ಊಟ ಮಾಡುವಾಗಲೂ ಅದರ ಫೋಟೊ ನೋಡುತ್ತಿದ್ದಳು.

"ನೀನೇ ನೋಡಿ ಹೇಳ್ಬೇಕು ಕಣೇ."

"ಬೇಡ. ಸ್ನೇಹಿತರ ದೋಣಿ ನೋಡಿದ್ರೆ ಒಂದೋ ದೋಣಿ ಹೋಗುತ್ತೆ, ಇಲ್ಲಾ ಸ್ನೇಹ ಹೋಗುತ್ತೆ."

"ಬೇರೆಯವರ ಮಾತು ನಾನು ನಂಬಲ್ಲ."

"ಹಂಗಾದ್ರೆ ನಾನು ಬರೆದದ್ದನ್ನೂ ನಂಬಬೇಕು. ಪೂರ್ತಿ. ಇಷ್ಟ ಆದದ್ದು ಮಾತ್ರ ಅಲ್ಲ."

ಒಪ್ಪಿಗೆಯಾಯಿತು. ದೋಣಿಯನ್ನು ಕ್ರೇನಿನಲ್ಲಿ ಎತ್ತಿ ಕಬ್ಬಿಣದ ಕಾಲುಗಳ ಮೇಲೆ ನಿಲ್ಲಿಸಿದರು. ಕೊಳ್ಳುವವರಿಗೆ ಟಕಟಕಿಯ ನಿಯಮವೊಂದಿತ್ತು: ದೋಣಿಗೆ ಬೆನ್ನು ಹಾಕಿ ಕೂರಬೇಕು. ಅವರ ಆಸೆಗಣ್ಣು ನೋಡಿದರೆ ತನ್ನ ಕಿವಿ ಮಂದವಾಗುತ್ತದೆ ಎನ್ನುವಳು. ಡಾಕ್ಟರಮ್ಮ ಬಣ್ಣದ ಡಬ್ಬ ಬೋರಲು ಹಾಕಿ, ಗೋಡೆ ನೋಡುತ್ತ ಕೂತಳು.

ಹಿಂದಿನಿಂದ ಟಕ್, ಟಕ್, ಟಕ್. ಆ ಭಾಷೆ ಅವಳಿಗೂ ಬರುತ್ತಿತ್ತು. ಗಟ್ಟಿ ಹಲ್ಲು ಚುರುಕಾಗಿ ಉತ್ತರಿಸುತ್ತದೆ, ಒಳಗೆ ಕೊಳೆತದ್ದು ಗೊಣಗುತ್ತದೆ. ಒಂದು ಗಂಟೆ ಎಲ್ಲವೂ ಚುರುಕಾಗಿ ಉತ್ತರಿಸಿತು. ಆಮೇಲೆ ಮೂತಿಯ ಹತ್ತಿರ ಸದ್ದು ದಪ್ಪವಾಯಿತು. ಡಬ್. ಮತ್ತೆ ಅಲ್ಲೇ ಡಬ್. ಡಾಕ್ಟರಮ್ಮನ ಕುತ್ತಿಗೆ ಅರ್ಧ ತಿರುಗಿತು.

"ತಿರುಗ್ಬೇಡ!" ಎಂದು ಹಿಂದಿನಿಂದ ಕೂಗು ಬಂತು. "ಹಳೇ ಏಟು, ಒಳಗಿಂದ ದಪ್ಪ ಪದರ ಕಟ್ಟಿ ತೇಪೆ ಹಾಕಿದಾರೆ. ಅಗಲ ಒಂದು ತಟ್ಟೆಯಷ್ಟು. ಯಾರೋ ಕೆಲಸ ಬಲ್ಲವರು."

ಟಕಟಕಿ, ಸೀಸದ ಭಾರವನ್ನು ದೋಣಿಯ ಅಡಿಗೆ ಬಿಗಿದ ಬೋಲ್ಟುಗಳನ್ನು ಒಂದೊಂದಾಗಿ ನೋಡಿದಳು. ಒಳಗೆ ಹೋಗಿ ನೆಲದ ಹಲಗೆಗಳನ್ನೆಲ್ಲ ಎತ್ತಿದಳು. ತಳದಲ್ಲಿ ಒಂದು ಲೋಟದಷ್ಟು ನೀರಿತ್ತು. ಬೆರಳದ್ದಿ ನೆಕ್ಕಿದಳು. ಮಾರುವವರ ಕಡೆಯಿಂದ ಬಂದಿದ್ದ ಬಿಳಿ ಬೂಟಿನ ದಲ್ಲಾಳಿ ಮುಖ ಕಿವುಚಿದ.

"ಮೇಡಂ, ಅದೇನು ಅಂತ ನನ್ನ ಕೇಳಿದ್ರೆ ಹೇಳ್ತಿದ್ನಲ್ಲ!"

"ನಿಮ್ಮ ನಾಲಿಗೆಗಿಂತ ನನ್ನ ನಾಲಿಗೆ ಮೇಲೆ ನಂಬಿಕೆ ಜಾಸ್ತಿ. ಉಪ್ಪಿಲ್ಲ. ಕುಡಿಯೋ ನೀರಿನ ಟ್ಯಾಂಕಿಂದ ಸೋರಿರೋದು, ಸಮುದ್ರ ಒಳಗೆ ಬಂದಿಲ್ಲ. ಟ್ಯಾಂಕಿನ ಪೈಪು ಬದಲಾಯಿಸಿ."

ಪ್ರತಿ ಹಾಸಿಗೆಯ ಮೇಲೂ ಮಲಗಿ ನೋಡಿದಳು. ಪ್ರತಿ ಡ್ರಾಯರನ್ನೂ ಎಡಗೈಯಲ್ಲಿ ಒಮ್ಮೆ, ಬಲಗೈಯಲ್ಲಿ ಒಮ್ಮೆ ಎಳೆದಳು. ಸ್ನಾನದ ಮನೆಯ ಬಾಗಿಲು ಹಾಕಿಕೊಂಡು ಎಷ್ಟು ಹೊತ್ತಾದರೂ ಬರಲಿಲ್ಲ. ದಲ್ಲಾಳಿ ಬಾಗಿಲು ಬಡಿದಾಗ, "ಚಿಲಕ ಒಳಗಿಂದ ಸಿಕ್ಕಿಕೊಳ್ಳುತ್ತೆ, ಬರ್ಕೊಳ್ಳಿ" ಎಂಬ ಉತ್ತರ ಬಂತು.

ಮರುದಿನ ದೋಣಿಯನ್ನು ನೀರಿಗಿಳಿಸಿ ಹೊರಗೆ ಒಯ್ದರು. ಹಾಯಿ ಬಿಚ್ಚಿದ್ದೇ ತಡ, ದೋಣಿ ಒಮ್ಮೆ ವಾಲಿ, ಹೆಗಲು ಸರಿಮಾಡಿಕೊಂಡು ಓಡಿತು. ಅಷ್ಟು ಭಾರದ ಜೀವ ಅಷ್ಟು ಹಗುರವಾಗಿ ಓಡಿದ್ದನ್ನು ಡಾಕ್ಟರಮ್ಮ ಕಂಡಿರಲಿಲ್ಲ. ಚುಕ್ಕಾಣಿಗೆ ಎರಡು ಬೆರಳು ಸಾಕಾಗುತ್ತಿತ್ತು. ಅಡುಗೆಮನೆಯಲ್ಲಿಟ್ಟ ಲೋಟ ಮೇಜಿನಿಂದ ಕದಲಲಿಲ್ಲ.

"ವೇಗ ಒಂಬತ್ತು ನಾಟ್ ಮೇಲೆ... ಬರ್ಕೊಳ್ಳಿ, ಒಂಬತ್ತೂವರೆ..." ಎಂದು ಬಕೆಟಿನೊಳಗಿಂದ ಟಕಟಕಿಯ ದನಿ. "ಎಡಕ್ಕೆ ತಿರುಗಿಸಿ... ಅಯ್ಯೋ... ಚುಕ್ಕಾಣಿ ಭಾರ ಆಗ್ಲಿಲ್ಲ, ಬರ್ಕೊಳ್ಳಿ." ದಲ್ಲಾಳಿ ಬರೆದುಕೊಳ್ಳುತ್ತಿದ್ದ, ಬೂಟನ್ನು ಬಕೆಟಿನಿಂದ ದೂರವಿಟ್ಟು.

ಆಮೇಲೆ ಮುಖ ಒರೆಸಿಕೊಂಡು ಗೆಳತಿಯ ಕಡೆ ತಿರುಗಿದಳು. "ಗಾಳಿ ಏರ್ತಿದೆ. ಆ ಹಗ್ಗ ಬಿಡು."

ಹಾಯಿಯನ್ನು ಬಿಗಿದಿಡುವ ವಿಂಚ್ ರಾಟೆಗೆ ಸುತ್ತಿದ ಹಗ್ಗವನ್ನು ಡಾಕ್ಟರಮ್ಮ ಎಡಗೈಯಿಂದ ಬಿಡಿಸಲು ಹೋದಳು. ಬಲಗೈ ಜೇಬಿನಲ್ಲಿತ್ತು. ಹಗ್ಗ ಒಂದರ ಮೇಲೊಂದು ಸಿಕ್ಕಿಕೊಂಡಿತು, ದೋಣಿ ಇನ್ನಷ್ಟು ವಾಲಿತು. ಬಲಗೈ ಹೊರಗೆ ಬರಲೇಬೇಕಾಯಿತು. ಆರು ಸಲ ತಡಕಾಡಿ ಹಗ್ಗ ಬಿಟ್ಟಳು. ಟಕಟಕಿ ನೋಡಿ, ಮತ್ತೆ ಬಕೆಟಿಗೆ ಬಗ್ಗಿದಳು.

ವರದಿ ಬಂತು. ಹದಿನೆಂಟು ಪುಟ. ತೇಪೆ, ಪೈಪು, ಚಿಲಕ, ಒಂದನ್ನೂ ಬಿಟ್ಟಿರಲಿಲ್ಲ. ಹದಿನೇಳನೆಯ ಪುಟದ ಕೊನೆಗೆ, "ದೋಣಿಗೆ ದೂರಿಲ್ಲ." ಡಾಕ್ಟರಮ್ಮ ಕುರ್ಚಿಯಿಂದ ಎದ್ದೇಬಿಟ್ಟಳು. ಆಮೇಲೆ ಪುಟ ತಿರುಗಿಸಿದಳು. ಯಾವ ದೋಣಿಯ ವರದಿಯಲ್ಲೂ ಇಲ್ಲದ ತಲೆಬರಹ: ಮಾಲೀಕರು. ಕೆಳಗೆ ಮೂರು ಸಾಲು. "ಬಲಗೈ ನಡುಗುತ್ತದೆ. ಒಬ್ಬರೇ ಹೋಗಕೂಡದು. ಇಬ್ಬರಿದ್ದರೆ ದೂರಿಲ್ಲ."

ಕಾಗದ ಹಿಡಿದು ನೇರ ಟಕಟಕಿಯ ಮನೆಗೆ ಹೋದಳು. "ದೋಣಿ ನೋಡು ಅಂದ್ರೆ ನನ್ನ ನೋಡಿದ್ಯಲ್ಲೇ!"

"ದೋಣಿ ಒಂದೇ ಮುಳುಗುತ್ತೇನೇ? ಒಳಗಿದ್ದೋರನ್ನೂ ಕರ್ಕೊಂಡೇ ಮುಳುಗುತ್ತೆ."

"ಆರು ಸಲ ತಡವರಿಸಿದ್ದಕ್ಕೆ ಇಷ್ಟು ಬರೆದ್ಯಾ?"

"ನೀನು ಎರಡು ವರ್ಷದ ಹಿಂದೆ ನನ್ನ ದವಡೆ ಹಲ್ಲು ತುಂಬಿದೆಯಲ್ಲ, ಆವತ್ತೇ ಗೊತ್ತು. ನಿನ್ನ ಕೈ ನನ್ನ ಬಾಯೊಳಗೇ ಇತ್ತು."

ಡಾಕ್ಟರಮ್ಮ ಕಾಗದ ಮಡಿಸಿದಳು. "ಆವತ್ತೇ ಯಾಕೆ ಹೇಳ್ಲಿಲ್ಲ?" ಎಂದಳು.

"ಬಾಯಿ ತುಂಬ ಹತ್ತಿ ತುರುಕಿದ್ದೆ ನೀನು." ಟಕಟಕಿ ನಗಲಿಲ್ಲ. "ನೀನಾಗೇ ಹೇಳ್ತೀಯ ಅಂತ ಕಾದೆ. ನೀನು ಹೇಳ್ಲಿಲ್ಲ. ಆಸ್ಪತ್ರೆ ಮುಚ್ಚಿದೆ. ಸರಿ, ನಿನ್ನ ಗುಟ್ಟು ನಿನ್ನದು. ಸಮುದ್ರದ ಹತ್ರ ಗುಟ್ಟು ನಡೆಯಲ್ಲ ಕಣೇ."

"ಇಬ್ಬರು ಅಂತ ಬರೆದಿದೀಯ. ನನ್ನ ಜೊತೆ ಇನ್ಯಾರು ಬರ್ತಾರೆ ಈ ವಯಸ್ಸಲ್ಲಿ?"

ಟಕಟಕಿ ಬಹಳ ಹೊತ್ತು ಮೇಜಿನ ಅಂಚು ತಟ್ಟುತ್ತಿದ್ದಳು. ಆಮೇಲೆ ಕೇಳಿದಳು, "ಆ ದೋಣೀಲಿ ದೊಡ್ಡ ಬಕೆಟ್ ಇಡೋಕೆ ಜಾಗ ಇದೆಯಾ?"

ಹೀಗೆ ಐದು ವರ್ಷ ಹೋದರು. ದಂಡೆ ಮರೆಯಾಗುವಷ್ಟು ದೂರ, ತಿಂಗಳುಗಟ್ಟಲೆ. ಪ್ರತಿ ಸಲವೂ ಮೊದಲ ಎರಡು ದಿನ ಟಕಟಕಿ ಬಕೆಟಿನ ಪಾಲು. ಮೂರನೆಯ ದಿನ ಎದ್ದು, ಮುಖ ತೊಳೆದು, "ಎಲ್ಲಿದೀವಿ?" ಎನ್ನುವಳು. ಹಗ್ಗದ ಕೆಲಸವೆಲ್ಲ ಅವಳದು, ಚುಕ್ಕಾಣಿ ಡಾಕ್ಟರಮ್ಮನದು. ಬೇಡ ಬಿಡು ಎಂದು ಡಾಕ್ಟರಮ್ಮ ಅಂದಾಗಲೆಲ್ಲ, "ವರದಿ ಬರೆದೋಳು ನಾನು, ಸುಳ್ಳಾಗೋಕೆ ಬಿಡ್ತೀನಾ?" ಎಂಬುದೊಂದೇ ಉತ್ತರ. ಇಷ್ಟ ಪಟ್ಟು ಮಾಡುವ ಕೆಲಸದಲ್ಲಿ ದೊಡ್ಡತನವೇನಿಲ್ಲ. ಇವಳು ಹೊಟ್ಟೆ ತೊಳಸುವುದು ಗೊತ್ತಿದ್ದೂ ಗೊತ್ತಿದ್ದೂ ಐದು ವರ್ಷ ಬಂದಳು.

ಈ ವರ್ಷ ಹೊರಡಲು ವಾರವಿರುವಾಗ, ದೋಣಿಕಟ್ಟೆಯಲ್ಲಿ, ಯಾರದೋ ದೋಣಿ ತಟ್ಟುತ್ತಿದ್ದವಳು ಹಾಗೇ ಕೂತಳು. ಮತ್ತೆ ಏಳಲಿಲ್ಲ. ಹೃದಯ ಎಂದರು ವೈದ್ಯರು.

ಮೂರು ವಾರದ ಮೇಲೆ ಒಂದು ಬೆಳಿಗ್ಗೆ ಡಾಕ್ಟರಮ್ಮ ಒಬ್ಬಳೇ ದೋಣಿಗೆ ಬಂದಳು. ಒಳ್ಳೆ ಗಾಳಿಯಿತ್ತು. ಮನೆಯಲ್ಲಿ ಕೂತರೆ ಉಸಿರು ಕಟ್ಟುತ್ತಿತ್ತು. ದೋಣಿಯನ್ನು ದಂಡೆಗೆ ಕಟ್ಟಿದ್ದ ನಾಲ್ಕು ಹಗ್ಗಗಳಲ್ಲಿ ಎರಡನ್ನು ಬಿಚ್ಚಿದಳು. ಜಾಕೆಟ್ ತರಲು ಒಳಗಿಳಿದು ಬೀರು ತೆಗೆದಳು. ಬಾಗಿಲಿನ ಒಳಮೈಗೆ ಟಕಟಕಿಯೇ ನಾಲ್ಕು ಮೊಳೆ ಹೊಡೆದು ಕೂರಿಸಿದ್ದ, ಆ ವರದಿಯ ಹದಿನೆಂಟನೆಯ ಪುಟ.

"ಸುಮ್ನಿರೇ" ಎಂದು ಅದಕ್ಕೆ ಕೂಗಿದಳು. ಆಮೇಲೆ ಮೇಲೆ ಬಂದು, ನಡುಗುವ ಕೈಯಲ್ಲೇ, ಎರಡು ಹಗ್ಗಗಳನ್ನೂ ಮತ್ತೆ ಕಟ್ಟಿದಳು. ಕಟ್ಟಿ ಗೆಳತಿಯ ಮನೆಗೆ ನಡೆದಳು.

ಗೆಳತಿಯ ಗಂಡ ಬಸ್ ಡ್ರೈವರಾಗಿ ನಿವೃತ್ತರಾದವರು. ಜಗಲಿಯ ಮೇಲೆ ಕೂತು ಆ ಪುಟ್ಟ ಸುತ್ತಿಗೆಗೆ ಎಣ್ಣೆ ಹಚ್ಚುತ್ತಿದ್ದರು.

"ಭಾವ, ನಿಮಗೆ ಸಮುದ್ರದ ಮೇಲೆ ವಾಂತಿ ಬರುತ್ತಾ?"

"ಯಾವತ್ತೂ ಹೋಗಿಲ್ವಲ್ಲ ಡಾಕ್ಟರಮ್ಮ. ಸದ್ಯಕ್ಕೆ ಅಳು ಬರುತ್ತೆ. ವಾಂತಿ ಗೊತ್ತಿಲ್ಲ." ಸುತ್ತಿಗೆಯನ್ನು ಬಟ್ಟೆಯಲ್ಲಿ ಸುತ್ತಿದರು. "ಅದು ವಾಲುತ್ತಂತಲ್ಲ? ನನ್ನ ಬಸ್ಸು ಮೂವತ್ತು ವರ್ಷದಲ್ಲಿ ಒಂದು ದಿನ ವಾಲಿಲ್ಲ."

"ವಾಲುತ್ತೆ. ಬೀಳಲ್ಲ."

"ಅವಳು ಹಂಗೆ ಬರೆದಿದಾಳಾ?"

"ಇಬ್ಬರಿದ್ರೆ ದೂರಿಲ್ಲ ಅಂತ ಬರೆದಿದಾಳೆ."

ಅವರು ಮೊಣಕಾಲು ಹಿಡಿದು ಎದ್ದು, ಚಪ್ಪಲಿ ಹುಡುಕಿದರು.

"ಬಕೆಟ್ ತಗೊಂಡು ಬರ್ಲಾ?"

"ಬೇಡ ಭಾವ" ಎಂದಳು ಡಾಕ್ಟರಮ್ಮ. "ದೋಣೀಲೇ ಇದೆ."