ಗಂಗವ್ವ ಇಡಿಸಿದ ಹಸಿರು ಬಳೆ

ಗಂಗವ್ವ ಅಕ್ಕಿಆಲೂರಿನ ಸಂತೆಯಲ್ಲಿ ನಲವತ್ತು ವರ್ಷ ಬಳೆ ತೊಡಿಸಿದವಳು. ಸಂದು ಸವೆದ ಅವಳ ಬಲ ಮಣಿಕಟ್ಟಿನ ಎಲುಬುಗಳನ್ನು ಹುಬ್ಬಳ್ಳಿಯ ಡಾಕ್ಟರು ಆಪರೇಷನ್ ಮಾಡಿ ಸಣ್ಣ ತೂತುಗಳ ಮೂಲಕವೇ ಒಂದಕ್ಕೊಂದು ಬೆಸೆಯುತ್ತಾರೆ, ನೋವು ಹೋಗುತ್ತದೆ, ಆದರೆ ಮಣಿಕಟ್ಟು ಮುಂದೆ ಬಾಗುವುದಿಲ್ಲ. ಹಾನಗಲ್ಲಿನಲ್ಲಿ ಫಿಸಿಯೋಥೆರಪಿ ಮಾಡುವ ನಾನು ಇಷ್ಟು ಹೇಳುವಷ್ಟರಲ್ಲಿ ಅವಳ ಮುಖ ಬಾಡಿತು.

"ಕೈ ಬಾಗಲಿಲ್ಲಂದ್ರ ಬಳಿ ಹೆಂಗ ಇಡಸ್ಲಿರಿ?"

ಅದನ್ನು ಅಲ್ಲೇ ಪರೀಕ್ಷಿಸಿ ನೋಡಬೇಕೆನಿಸಿತು. ಅವಳ ಮಣಿಕಟ್ಟು ಅಲುಗದಂತೆ ಪಟ್ಟಿ ಬಿಗಿದೆ. "ಆಪರೇಷನ್ ಆದ ಮ್ಯಾಲೂ ಹಿಂಗ ಇರ್ತೈತಿ. ಬೆರಳು ಆಡ್ತಾವ. ಈಗ ಇಡಸಿ ನೋಡ್ರಿ."

ಅವಳು ಚೀಲದಿಂದ ಹಸಿರು ಗಾಜಿನ ಬಳೆಯೊಂದನ್ನು ತೆಗೆದು ಸುತ್ತ ನೋಡಿದಳು. ಕೋಣೆಯಲ್ಲಿ ಇದ್ದದ್ದು ಗಂಡಸಾದ ನನ್ನ ಕೈಯೊಂದೇ.

"ಕೈ ಸಡ್ಲ ಬಿಡ್ರಿ. ಮದಲಗಿತ್ತಿ ಹಂಗ ಬಿಗಿ ಹಿಡೀಬ್ಯಾಡ್ರಿ."

ಬೆರಳುಗಳಿಂದಲೇ ನನ್ನ ಗೆಣ್ಣುಗಳನ್ನು ಒತ್ತಿ ಮಡಚಿ, ಬಳೆ ಒಡೆಯದಂತೆ ದಾಟಿಸಿಬಿಟ್ಟಳು. ಆಮೇಲೆ ಪಟ್ಟಿ ಬಿಗಿದ ತನ್ನ ಕೈಯನ್ನು ತಿರುಗಿಸಿ ನೋಡಿಕೊಂಡಳು.

"ಹಂಗಾರ ಮಾಡಸ್ತೇನಿ ಆಪರೇಷನ್."

"ಇದನ್ನ ತಗೀರಿ ಮತ್ತ" ಎಂದು ನಾನು ಕೈ ಚಾಚಿದೆ.

"ಇಡಸಿದ ಕೈಲೆ ನಾವು ತಗಿಯೂದಿಲ್ರಿ. ಅದು ಛಲೋ ಅಲ್ಲ."

ಇಂಥದ್ದನ್ನೆಲ್ಲ ನಾನು ನಂಬುವವನಲ್ಲ. ಸೋಪು ಹಚ್ಚಿದ್ದರೆ ಬಳೆ ಜಾರಿ ಬರುತ್ತಿತ್ತು. ಆದರೂ ಗಂಗವ್ವ ಹುಬ್ಬಳ್ಳಿಯಲ್ಲಿ ಆಪರೇಷನ್ ಮುಗಿಸಿ ಬಂದು, ನನ್ನೆದುರು ಐದೂ ಬೆರಳು ಆಡಿಸಿ ತೋರಿಸುವವರೆಗೆ, ಆ ಸುಡುಬಿಸಿಲಿನಲ್ಲಿ ನಾನು ದಿನಾ ತುಂಬುತೋಳಿನ ಅಂಗಿ ಹಾಕಿಕೊಂಡೇ ಓಡಾಡಿದೆ.