ಸಿ ಭಾಷೆಯ ಬಣ್ಣ

ನಾಗಮಂಗಲದ ಕಾಲೇಜೊಂದರಲ್ಲಿ ಕಂಪ್ಯೂಟರ್ ಕಲಿಸುವ ಅತಿಥಿ ಉಪನ್ಯಾಸಕನಾಗಿದ್ದಾಗ ನಾನು ಧರ್ಮಪ್ರಚಾರಕ್ಕೆ ಇಳಿದಿದ್ದೆ. ದಿನಾ ಪಾಂಡವಪುರದಿಂದ ಬಸ್ಸಿನಲ್ಲಿ ನಿಂತುಕೊಂಡು ಬರುವವನಿಗೆ ಜಗತ್ತನ್ನು ತಿದ್ದುವ ಯೋಚನೆಗೆ ಬೇಕಾದಷ್ಟು ಬಿಡುವಿರುತ್ತದೆ. ನಮ್ಮ ಲ್ಯಾಬಿನಲ್ಲಿದ್ದದ್ದೆಲ್ಲ ಕದ್ದ ತಂತ್ರಾಂಶ. ಸಿ ಎಂಬ ಕಂಪ್ಯೂಟರ್ ಭಾಷೆ ಕಲಿಸಲು ಬಳಸುತ್ತಿದ್ದದ್ದಂತೂ ವಿದ್ಯಾರ್ಥಿಗಳಿಗಿಂತ ಹಳೆಯದು. ತೆರೆದರೆ ಪರದೆಯೆಲ್ಲ ನೀಲಿ.

ಲ್ಯಾಬಿನ ಅಟೆಂಡರು ಹೊಣಕೆರೆ ಕಡೆಯವರು, ನಿವೃತ್ತಿಗೆ ಹತ್ತಿರವಾಗಿದ್ದವರು. ಇವೆಲ್ಲ ತೆಗೆದು ಲಿನಕ್ಸ್ ಎಂಬ ತಂತ್ರಾಂಶ ಹಾಕೋಣ, ಅದನ್ನು ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು ಎಂದು ಅವರಿಗೆ ವಿವರಿಸಿದೆ.

"ಪುಕ್ಸಟ್ಟೆನಾ ಸಾ?"

"ಪುಕ್ಕಟೆ ಅನ್ನಬೇಡಿ. ಸ್ವತಂತ್ರ ಅನ್ನಿ."

"ಅಂಗೇ ಅನ್ನವ ಬುಡಿ. ಆದ್ರೆ ಈಗಿರೋದೂ ಪುಕ್ಸಟ್ಟೆನೇ ಅಲ್ವಾ ಸಾ?"

ಆದರೂ ಇಬ್ಬರೂ ಎರಡು ಭಾನುವಾರ ಕೂತು ಎಲ್ಲ ಕಂಪ್ಯೂಟರುಗಳಿಗೂ ಲಿನಕ್ಸ್ ಹಾಕಿದೆವು. ವಿದ್ಯಾರ್ಥಿಗಳು ವಾರದಲ್ಲಿ ಒಗ್ಗಿಕೊಂಡರು. ನಾನು ಪ್ರತಿ ತರಗತಿಯನ್ನೂ ಸ್ವಾತಂತ್ರ್ಯದ ಮೇಲೊಂದು ಉಪನ್ಯಾಸದಿಂದಲೇ ಶುರು ಮಾಡುತ್ತಿದ್ದೆ. ಹಾಜರಾತಿ ಕಡ್ಡಾಯವಾಗಿದ್ದರಿಂದ ಅವರು ಅದನ್ನೂ ಸಹಿಸಿಕೊಂಡರು.

ಪ್ರಾಯೋಗಿಕ ಪರೀಕ್ಷೆಗೆ ಮೈಸೂರಿನಿಂದ ಪರೀಕ್ಷಕರು ಬಂದರು. ಮೊದಲ ಕಂಪ್ಯೂಟರಿನ ಮುಂದೆಯೇ ನಿಂತುಬಿಟ್ಟರು.

"ಇದೇನ್ರೀ, ಕಪ್ಪಗಿದೆ?"

"ಸಿ, ಸರ್."

"ಸಿ ನೀಲಿ ಇರುತ್ತೆ."

ಭಾಷೆ ಬೇರೆ, ಅದನ್ನು ಬರೆಯುವ ಕಿಟಕಿ ಬೇರೆ ಎಂದು ನಾನು ವಿನಯದಿಂದ ಹೇಳಿದೆ. ಅವರು ವಿನಯದಿಂದ ಕೇಳಿಸಿಕೊಳ್ಳಲಿಲ್ಲ.

"ಇಪ್ಪತ್ತು ವರ್ಷದಿಂದ ಸಿ ಪಾಠ ಮಾಡ್ತಿದ್ದೀನಿ. ಸಿ ಹೇಗಿರುತ್ತೆ ಅಂತ ನೀವು ನನಗೆ ತೋರಿಸ್ತೀರಾ? ಇದರಲ್ಲಿ ಪರೀಕ್ಷೆ ನಡೆಸೋಕಾಗಲ್ಲ" ಎಂದು ಪ್ರಾಂಶುಪಾಲರ ಕೋಣೆಗೆ ಕಾಫಿ ಕುಡಿಯಲು ಹೋದರು.

ಹೊರಗೆ ಹಾಲ್ ಟಿಕೆಟ್ ಹಿಡಿದು ಮಕ್ಕಳು ನಿಂತಿದ್ದರು. ನನ್ನ ಸಿದ್ಧಾಂತಕ್ಕೆ ಅವರ ಒಂದು ವರ್ಷ ಬಲಿಯಾಗುತ್ತದಲ್ಲ ಎನಿಸಿತು.

ಅಟೆಂಡರು ಪಕ್ಕಕ್ಕೆ ಬಂದರು. "ಬಣ್ಣ ತಾನೆ ಸಾ ಅವ್ರು ಕೇಳ್ತಿರೋದು? ಬದ್ಲಾಯಿಸ್ಬೋದು. ಮದ್ಯಾನ ಕೆಲ್ಸ ಇಲ್ದಾಗ ಕೂತ್ಕಂಡು ಎಲ್ಲಾ ಒತ್ತಿ ನೋಡಿವ್ನಿ."

"ಅದು ಮೋಸ ಆಗುತ್ತೆ."

"ತಿದ್ಬೋದು ಅಂತ ನೀವೇ ಅಂದ್ರಲ್ಲ ಸಾ."

ಅವರು ಒಂದೊಂದೇ ಕಂಪ್ಯೂಟರಿನ ಮುಂದೆ ಬಗ್ಗಿ ಹಿನ್ನೆಲೆಗೆ ನೀಲಿ, ಅಕ್ಷರಕ್ಕೆ ಹಳದಿ ಕೊಡುತ್ತ ಹೋದರು. ತಿದ್ದುವ ಹಕ್ಕಿನ ಬಗ್ಗೆ ವರ್ಷವಿಡೀ ಮಾತಾಡಿದ್ದ ನಾನು ಅಲ್ಲಿಯವರೆಗೆ ಲಿನಕ್ಸ್‌ನಲ್ಲಿ ಏನನ್ನೂ ತಿದ್ದಿರಲಿಲ್ಲ. ಅವರ ಹಿಂದೆಯೇ ನಡೆದೆ.

ಪರೀಕ್ಷಕರು ಬಾಯಿ ಒರೆಸಿಕೊಳ್ಳುತ್ತ ಒಳಬಂದು ಸುತ್ತ ನೋಡಿದರು. ಮುಖ ಅರಳಿತು.

"ನೋಡಿ, ಇದು ಸಿ. ಇಷ್ಟು ಬೇಗ ಹಾಕಿಬಿಟ್ರಲ್ಲ."

"ಹೌದು ಸರ್" ಎಂದೆ. ಅದನ್ನು ಹೇಳುವಾಗ ನಾಚಿಕೆಯಾಯಿತು, ಹೇಳಿದ ಮೇಲೆ ಹಗುರವೂ ಆಯಿತು. ಎಲ್ಲ ಮಕ್ಕಳೂ ಪಾಸಾದರು.

ಎರಡು ತಿಂಗಳ ನಂತರ ಪರೀಕ್ಷಕರು ಫೋನ್ ಮಾಡಿದರು. ಅವರ ಹೊಸ ಲ್ಯಾಪ್‌ಟಾಪಿನಲ್ಲಿ ಅವರ ಹಳೆಯ ನೀಲಿ ಸಿ ಓಡುತ್ತಿಲ್ಲವಂತೆ.

"ನಿಮ್ಮಲ್ಲಿ ಇದ್ದದ್ದು ಚೆನ್ನಾಗಿತ್ತು, ಅದನ್ನೇ ಹಾಕಿಕೊಡಿ. ಒರಿಜಿನಲ್ ತಾನೆ? ನನಗೆ ಕದ್ದದ್ದೆಲ್ಲ ಆಗಲ್ಲ."

"ಒರಿಜಿನಲ್ಲೇ ಸರ್."

ಭಾನುವಾರ ಮೈಸೂರಿಗೆ ಹೋಗಿ ಹಾಕಿಕೊಟ್ಟೆ. ಅವರ ಮನೆಯಲ್ಲಿ ಉಪ್ಪಿಟ್ಟು ಕೊಟ್ಟರು. ತಿಂದು ಬಂದೆ, ಸ್ವಾತಂತ್ರ್ಯದ ಮಾತು ಎತ್ತಲಿಲ್ಲ.