ಚೋಕ್ ಎಳೆದರೆ ಮಾತ್ರ ಓಡುತ್ತಿದ್ದ ಗಾಡಿ

ನನ್ನ ಎಡಗಾಲಿಗೆ ಚಿಕ್ಕಂದಿನಲ್ಲೇ ಪೋಲಿಯೊ ಬಡಿಯಿತು. ಊರುಗೋಲು ಹಿಡಿದು ಡಾಂಬರು ರಸ್ತೆಯ ಮೇಲೆ ಸಾಕಷ್ಟು ದೂರ ನಡೆಯುತ್ತೇನೆ. ಆದರೆ ನಾಗನೂರ ಕಡೆಯ ನಮ್ಮ ಹೊಲದ ಕರಿಮಣ್ಣು ಹಸಿಯಾಯಿತೆಂದರೆ ಕೋಲು ಇಳಿದು ಅಲ್ಲೇ ಕಚ್ಚಿಕೊಳ್ಳುತ್ತದೆ. ಅದಕ್ಕೇ ಗೋಕಾಕ ಫಾಲ್ಸ್ ಹತ್ತಿರ ಪ್ರವಾಸಿಗರನ್ನು ಸುತ್ತಾಡಿಸಿ ಹಳೆಯದಾಗಿದ್ದ ಎ.ಟಿ.ವಿ. ಒಂದನ್ನು ಕೊಂಡಿದ್ದೆವು. ಬೈಕಿನಂಥ ಹ್ಯಾಂಡಲ್, ನಾಲ್ಕು ದಪ್ಪ ಗಾಲಿ. ಬದು, ಕೆಸರು, ಕಾಲುವೆ ದಂಡೆ ಯಾವುದಕ್ಕೂ ಅದು ಅಂಜುತ್ತಿರಲಿಲ್ಲ. ನಾನು ಮುಂದೆ, ಮೇವಿನ ಹೊರೆ ತಬ್ಬಿಕೊಂಡು ಹೆಂಡತಿ ಹಿಂದೆ.

ಅವಳು ತೀರಿಕೊಂಡ ಮೇಲೆ ಮಳೆಗಾಲವೆಲ್ಲ ಗಾಡಿ ಕೊಟ್ಟಿಗೆಯಲ್ಲೇ ನಿಂತಿತ್ತು. ಹೊಲವನ್ನು ಪಾಲಿಗೆ ಕೊಟ್ಟಿದ್ದೆ. ಹೋಗಲೇಬೇಕಾದ ಕೆಲಸ ಯಾವುದೂ ಉಳಿದಿರಲಿಲ್ಲ.

ಕಬ್ಬು ಕಡಿದು ಮುಗಿದ ಮೇಲೆ ಒಂದು ಮುಂಜಾನೆ, ಹೊಲವನ್ನಾದರೂ ನೋಡಿ ಬರೋಣವೆಂದು ಹೊರಟೆ. ಚೋಕ್ ಎಳೆದಾಗ ಗಾಡಿ ಶುರುವಾಯಿತು. ಹೊಲದ ಆಚೆ ತುದಿ ಮುಟ್ಟಿ, ಎಂಜಿನ್ ಬಿಸಿಯಾಯಿತಲ್ಲ ಎಂದು ಚೋಕ್ ಒಳಗೆ ತಳ್ಳಿ ಹ್ಯಾಂಡಲ್ ಮೇಲಿನ ಎಕ್ಸಿಲರೇಟರ್ ಒತ್ತಿದೆ. ಬಿಕ್ಕಿತು, ಕೆಮ್ಮಿತು, ನಿಂತುಬಿಟ್ಟಿತು. ಮತ್ತೆ ಚೋಕ್ ಎಳೆದು ನೋಡಿದೆ, ಈ ಸಲ ಶುರುವಾಗಲೇ ಇಲ್ಲ. ಹಿಂದಿನ ದಿನವಷ್ಟೇ ಕಬ್ಬಿನ ಕುಳೆಗೆ ನೀರು ಹಾಯಿಸಿದ್ದರು. ಮನೆಗೂ ನನಗೂ ನಡುವೆ ಬರೀ ರಾಡಿ.

ಪಾಲಿಗೆ ಮಾಡುವವನಿಗೆ ಫೋನ್ ಮಾಡಿದೆ. ಮೂಡಲಗಿ ಸಂತೆಗೆ ಹೋಗಿದ್ದನೋ ಏನೋ, ಎತ್ತಲಿಲ್ಲ. ಇನ್ನಾರಿಗೆ ಮಾಡುವುದೆಂದು ಹೆಸರುಗಳನ್ನು ಮೇಲೆ ಕೆಳಗೆ ಸರಿಸಿದೆ. ಅವಳ ನಂಬರು ಇನ್ನೂ ಅಲ್ಲೇ ಇತ್ತು. ಫೋನನ್ನು ಜೇಬಿಗಿಟ್ಟು ಸೀಟಿನ ಕೆಳಗಿದ್ದ ಪಾನಾ, ಸ್ಕ್ರೂಡ್ರೈವರುಗಳ ಚೀಲ ತೆಗೆದೆ.

ಗಾಡಿಯ ಬಾಜೂ ನೆಲಕ್ಕೆ ಕೂತು ಕಾರ್ಬುರೇಟರಿನ ತಳದ ಸ್ಕ್ರೂ ಸಡಿಲಿಸಿ, ಒಳಗಿದ್ದುದನ್ನು ಬಾಟಲಿಯ ಮುಚ್ಚಳಕ್ಕೆ ಇಳಿಸಿದೆ. ಪೆಟ್ರೋಲಿನ ಅಡಿಯಲ್ಲಿ ನೀರಿನ ಗುಂಡು ಹನಿಗಳು ಉರುಳಾಡುತ್ತಿದ್ದವು. ನಿಂತಲ್ಲೇ ನಿಂತ ಟ್ಯಾಂಕಿನೊಳಗೆ ಮಳೆಗಾಲ ಹೊಕ್ಕಿತ್ತು. ತಳದ ಬಟ್ಟಲನ್ನೇ ಬಿಚ್ಚಿ ಒರೆಸಿದೆ. ಪೆಟ್ರೋಲು ಸಿಡಿಸುವ ಹಿತ್ತಾಳೆಯ ಜೆಟ್ಟಿನ ತೂತು ಹಳೆಯ ಪೆಟ್ರೋಲಿನ ಅಂಟಿನಿಂದ ಮುಚ್ಚಿತ್ತು. ವಾಯರಿನ ಒಂದು ಎಳೆ ತೂರಿಸಿ, ಬಾಯಿಂದ ಊದಿ, ಬಿಸಿಲಿಗೆ ಹಿಡಿದೆ. ಸಾಸಿವೆಯಷ್ಟು ಬೆಳಕು ಕಂಡಿತು. ಎಲ್ಲ ಜೋಡಿಸಿ ಶುರು ಮಾಡಿದರೆ ನಿಂತಲ್ಲಿ ಚೆನ್ನಾಗಿ ಓಡಿತು. ಎಕ್ಸಿಲರೇಟರ್ ಒತ್ತಿದರೆ ಮಾತ್ರ ಮತ್ತೆ ಅದೇ ಬಿಕ್ಕು.

ಮುಂಜಾನೆ ಚೋಕ್ ಗಾಳಿ ತಡೆದಾಗ ಮಾತ್ರ ಓಡಿತ್ತಲ್ಲ, ಎಲ್ಲೋ ಬೇಡದ ಗಾಳಿ ಒಳಗೆ ಎಳೆಯುತ್ತಿದೆ ಅನಿಸಿತು. ಕಾರ್ಬುರೇಟರಿನಿಂದ ಎಂಜಿನ್ನಿಗೆ ಹೋಗುವ ರಬ್ಬರ್ ಪೈಪಿನ ಮೇಲೇ ಸಂಶಯ. ಒಂದು ಕೈ ಪೈಪಿನ ಮೇಲಿದ್ದಾಗ ಇನ್ನೊಂದು ಕೈ ಎಕ್ಸಿಲರೇಟರ್ ಒತ್ತಬೇಕು. ಕೆಳಗೆ ಕೂತವನಿಗೆ ಆಚೆಯ ಹ್ಯಾಂಡಲ್ ಎಟುಕುವುದಿಲ್ಲ. ಹಿಂದೆಲ್ಲ ಅವಳು ಒತ್ತುತ್ತಿದ್ದಳು, ನಾನು ಕೇಳುತ್ತಿದ್ದೆ. ಎರಡು ಸಲ ಪ್ರಯತ್ನಿಸಿ ಸೋತೆ.

“ಏನಾಗೇತಿ, ತಮ್ಮಾ?”

ಬಾಜೂ ಹೊಲದಲ್ಲಿ ಕುರಿ ಮೇಯಿಸುತ್ತಿದ್ದ ಮುದುಕ ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಬದುವಿನ ಮೇಲೆ ನಿಂತಿದ್ದ.

“ಗಾಡಿ ಜಗ್ಗವಲ್ದು, ಅಜ್ಜಾರ. ಈ ಎಕ್ಸಿಲರೇಟರ್ ಈಟ ಒತ್ತತೀರೇನ್ರಿ? ಹೆಬ್ಬೆರಳಿಲೆ, ಮೆಲ್ಲಕ.”

ಕಾಲಿನ ಚಪ್ಪಲಿ ಬಿಟ್ಟು ಬಂದ. ಎಂಜಿನ್ ಶುರು ಮಾಡಿದೆ. ಮೆಲ್ಲಗೆ ಎಂದಿದ್ದೆ, ಪೂರ್ತಿ ಒತ್ತಿಬಿಟ್ಟ. ನಾನು ಪೈಪನ್ನು ಅಂಗೈಯಿಂದ ಬಿಗಿಯಾಗಿ ಅಮುಕಿದ್ದೆ, ಬಿಕ್ಕೇ ಇಲ್ಲದೆ ಎಂಜಿನ್ ಕೂಗಿಕೊಂಡಿತು. ಕುರಿಗಳೆಲ್ಲ ಒಮ್ಮೆಲೇ ದಿಕ್ಕಾಪಾಲು. ನಾಯಿ ಅವುಗಳ ಹಿಂದೆ.

“ಬಿಡ್ರಿ, ಬಿಡ್ರಿ!”

“ಯಪ್ಪಾ, ನನ್ನ ಕುರಿ ಅಥಣಿ ತನಕ ಹೊಕ್ಕಾವು!” ಎಂದು ಮುದುಕ ನಗತೊಡಗಿದ. ನನಗೂ ನಗು ಬಂತು. ಎಷ್ಟು ತಿಂಗಳ ಮೇಲೋ, ನನ್ನ ನಗು ನನಗೇ ಬೇರೆಯವರದ್ದೆನಿಸಿತು.

ಪೈಪಿನ ಅಡಿಯಲ್ಲಿ ಸೀಳಿತ್ತು. ಊರುಗೋಲನ್ನು ಗಾಡಿಗೆ ಕಟ್ಟಿದ್ದ ಸೈಕಲ್ ಟ್ಯೂಬಿನ ಪಟ್ಟಿ ಬಿಚ್ಚಿ ಅದಕ್ಕೆ ಸುತ್ತತೊಡಗಿದೆ. ಅಜ್ಜ ತುದಿ ಹಿಡಿದುಕೊಂಡು ಕೇಳಿದ:

“ಒಬ್ಬಾವನ ಬಂದೀಯಲ್ಲ, ಮನ್ಯಾಗ ಯಾರೂ ಇಲ್ಲೇನು?”

“ಇದ್ಲರಿ. ಈಗಿಲ್ಲ.”

ಅಜ್ಜ ಟ್ಯೂಬಿನ ತುದಿಯನ್ನು ಜಗ್ಗಿ ಹಿಡಿದ. “ಬಿಗಿ ಸುತ್ತು” ಎಂದಷ್ಟೇ ಹೇಳಿದ.

ಗಾಡಿ ಚೋಕ್ ಇಲ್ಲದೆ ಓಡಿತು. ಕುರಿಗಳನ್ನು ಕೂಡಿಸಿ ಬಂದ ಅಜ್ಜ ಅರಿವೆಯ ಗಂಟು ಬಿಚ್ಚಿ, ಸಜ್ಜೆ ರೊಟ್ಟಿಯೊಂದನ್ನು ಮುರಿದು ದೊಡ್ಡ ತುಂಡನ್ನು ನನ್ನ ಕಡೆ ಚಾಚಿದ. ಎಣ್ಣೆಯ ಕೈಯಲ್ಲೇ ತಿಂದೆ.

“ನಾಳೆ ನಮ್ಮ ಹೊಲದ ಕಡೆ ಬರ್ರಿ, ಚಾ ಮಾಡ್ತೇನಿ” ಎಂದೆ.

“ನಾಳೆ ನಸುಕಿನ್ಯಾಗ ಹುಕ್ಕೇರಿ ಕಡೆ ಹೊಂಟೇವಿ, ತಮ್ಮಾ.”

ಹೋಗುತ್ತೇವೆಂದು ಹೇಳಿದ್ದನಲ್ಲ, ಆದರೂ ಮರುದಿನ ಮುಂಜಾನೆ ಬಾಜೂ ಹೊಲಕ್ಕೆ ಹೋಗಿ ನೋಡಿದೆ. ಹಿಕ್ಕೆ ಹರಡಿತ್ತು. ಒಲೆಯ ಕಲ್ಲುಗಳು ಇನ್ನೂ ಬೆಚ್ಚಗಿದ್ದವು.

ಹೊಸ ರಬ್ಬರ್ ಪೈಪು ಮೂಡಲಗಿಯಲ್ಲಿ ಸಿಗಲಿಲ್ಲ. ಅಂಗಡಿಯವನು ಬೆಳಗಾವಿಯಿಂದ ತರಿಸಿಕೊಟ್ಟ. ಟ್ಯಾಂಕ್ ತೊಳೆದು, ಹೊಸ ಪೆಟ್ರೋಲ್ ಹಾಕಿ, ಪೈಪನ್ನು ನಾನೇ ಕೂಡಿಸಿದೆ. ಆ ಸಂಜೆ ಹೊಲ ದಾಟಿ ಕಾಲುವೆ ದಂಡೆಗುಂಟ ದೂರ ಹೋದೆ. ಅಲ್ಲಿ ನನಗೇನೂ ಕೆಲಸವಿರಲಿಲ್ಲ. ಅರಿವೆ ಒಗೆಯುತ್ತಿದ್ದ ಹೆಣ್ಣುಮಗಳೊಬ್ಬಳು ತಲೆಯೆತ್ತಿ, “ಎಲ್ಲಿಗೆ ಹೊಂಟ್ರಿ, ಅಣ್ಣಾರ?” ಎಂದು ಕೇಳಿದಳು.

“ಸುಮ್ಮನ ಬಂದೇನ್ವಾ” ಎಂದೆ. ಇನ್ನೂ ಏನಾದರೂ ಕೇಳಿಯಾಳೆಂದು ಗಾಡಿಯ ವೇಗ ತಗ್ಗಿಸಿದೆ. ಅವಳು ಮತ್ತೆ ಅರಿವೆಗೆ ಬಾಗಿದಳು.